ಗಣಕಯಂತ್ರದ ಧ್ವನಿ ಅಡಗಿದಾಗ: ಮಂಡಿ ವರ್ತಕರು ಅನುಸರಿಸಬೇಕಾದ ಕ್ರಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ ನೋಡುತ್ತಾನೆ. ನೀರಿನ ಸದ್ದು ಕೇಳಿದರೆ ಇನ್ನೂ ಕಾಯಬೇಕು. ಒಳಗಿನ ಗಿಟುಕು ಚಿಪ್ಪಿಗೆ ತಾಗಿ ಗಡಗಡ ಎಂದರೆ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ. ಹೀಗೆ ಸದ್ದಿನಿಂದಲೇ ಒಳಗಿನ ಸ್ಥಿತಿಯನ್ನು ಅರಿಯುವ ಈ ಸೀಮೆಯಲ್ಲಿ, ಮಂಡಿಯ ಮೇಜಿನ ಮೇಲಿರುವ ಗಣಕಯಂತ್ರವು ಮೂಕವಾದಾಗ ಮಾತ್ರ ಒಳಗಿನ ಕಾರಣವನ್ನು ಅರಿಯುವ ಪ್ರಯತ್ನ ನಡೆಯುವುದು ವಿರಳ. ಕೂಡಲೇ ರಿಪೇರಿಯವರಿಗೆ ಕರೆ ಹೋಗುತ್ತದೆ, ಅಥವಾ ಹೊಸ ಸ್ಪೀಕರ್ ಖರೀದಿಯಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಧ್ವನಿಯ ಅಗತ್ಯ ಈಗೇಕೆ?

ಲೆಕ್ಕ ಬರೆಯಲು ಮತ್ತು ಬಿಲ್ಲು ಮುದ್ರಿಸಲು ಮಾತ್ರ ಗಣಕಯಂತ್ರ ಬಳಕೆಯಾಗುತ್ತಿದ್ದ ಕಾಲದಲ್ಲಿ ಅದಕ್ಕೆ ಧ್ವನಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಆಗಿತ್ತು. ಇಂದಿನ ಪರಿಸ್ಥಿತಿ ಬೇರೆ. ರಾಜ್ಯದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದ ನಂತರ ಕೃಷಿ ಉತ್ಪನ್ನ ಮಾರುಕಟ್ಟೆಗಳ ಟೆಂಡರು ಗಣಕಯಂತ್ರದ ಪರದೆಗೆ ಬಂದಿತು. ತಿಪಟೂರಿನ ಕೊಬ್ಬರಿಯೂ ಇದಕ್ಕೆ ಹೊರತಲ್ಲ. ಆದಾಯ ತೆರಿಗೆಯಲ್ಲಿ ಮುಖಾಮುಖಿಯಿಲ್ಲದ ನಿರ್ಧಾರಣಾ ವ್ಯವಸ್ಥೆಯು 2021ರ ಏಪ್ರಿಲ್ 1ರಿಂದ ಕಾಯ್ದೆಯ ಭಾಗವೇ ಆಯಿತು. ಈ ವ್ಯವಸ್ಥೆಯಲ್ಲಿ ತೆರಿಗೆದಾರನು ತನ್ನ ವಾದವನ್ನು ಬಾಯಿಮಾತಿನಲ್ಲಿ ಹೇಳಿಕೊಳ್ಳಬೇಕೆಂದರೆ ಅದಕ್ಕಿರುವ ದಾರಿ ವಿಡಿಯೋ ಮೂಲಕ ನಡೆಯುವ ವಿಚಾರಣೆ. ಸರಕು ಮತ್ತು ಸೇವಾ ತೆರಿಗೆಯ ವಿಚಾರಣೆಗಳೂ ವಿಡಿಯೋ ಮೂಲಕ ನಡೆಯುತ್ತವೆ. ನಿಗದಿಯಾದ ಸಮಯಕ್ಕೆ ಅಧಿಕಾರಿಯ ಪ್ರಶ್ನೆ ವರ್ತಕನಿಗೆ ಕೇಳಿಸದಿದ್ದರೆ, ಅಥವಾ ವರ್ತಕನ ಉತ್ತರ ಅಧಿಕಾರಿಗೆ ತಲುಪದಿದ್ದರೆ, ಸಿಕ್ಕಿದ ಅವಕಾಶವೇ ಕೈತಪ್ಪುವ ಅಪಾಯವಿದೆ.

ಇದಕ್ಕಿಂತಲೂ ದೊಡ್ಡ ಅಪಾಯ ಮತ್ತೊಂದಿದೆ. ಧ್ವನಿ ಬರುತ್ತಿಲ್ಲವೆಂದು ಯಂತ್ರವನ್ನು ರಿಪೇರಿಗೆ ಕಳುಹಿಸಿದಾಗ, ದೋಷವನ್ನು ಹುಡುಕುವ ಬದಲು 'ಫಾರ್ಮ್ಯಾಟ್' ಮಾಡಿ ವಿಂಡೋಸ್ ಅನ್ನು ಹೊಸದಾಗಿ ಹಾಕುವುದು ರೂಢಿಯಲ್ಲಿದೆ. ಧ್ವನಿಯೇನೋ ಬರುತ್ತದೆ, ಆದರೆ ಸಿ ಡ್ರೈವ್‌ನಲ್ಲಿದ್ದ ಟ್ಯಾಲಿ ಲೆಕ್ಕ, ಇ-ವೇ ಬಿಲ್ಲುಗಳು, ಚಲನ್‌ಗಳು, ರೈತರ ಪಟ್ಟಿಗಳು ಅಳಿಸಿಹೋಗಿರುತ್ತವೆ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ ಪ್ರಕಾರ ಆಯಾ ವರ್ಷದ ಲೆಕ್ಕಪುಸ್ತಕಗಳನ್ನು ವಾರ್ಷಿಕ ವಿವರಣಾ ಪತ್ರ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಿಕೊಳ್ಳಬೇಕು. ಸ್ಪೀಕರಿನ ಸದ್ದಿಗಾಗಿ ಆ ದಾಖಲೆಗಳನ್ನು ಕಳೆದುಕೊಳ್ಳುವುದು ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬಂತಹ ನಷ್ಟ.

ಡ್ರೈವರ್ ಎಂದರೇನು?

ಧ್ವನಿ ಹೊರಡಿಸುವ ಚಿಪ್ಪು ಗಣಕಯಂತ್ರದ ಮದರ್‌ಬೋರ್ಡಿನಲ್ಲಿಯೇ ಇರುತ್ತದೆ. ವಿಂಡೋಸ್ ತಂತ್ರಾಂಶವು ಆ ಚಿಪ್ಪಿನೊಂದಿಗೆ ನೇರವಾಗಿ ವ್ಯವಹರಿಸುವುದಿಲ್ಲ. ರೈತ ಮತ್ತು ಖರೀದಿದಾರರ ನಡುವೆ ದಲ್ಲಾಳಿ ಇರುವಂತೆ ಇವೆರಡರ ನಡುವೆ ಇರುವ ಚಿಕ್ಕ ತಂತ್ರಾಂಶವೇ ಡ್ರೈವರ್. ದಲ್ಲಾಳಿ ಗೈರುಹಾಜರಾದರೆ ಮಾಲೂ ಇದೆ, ಕೊಳ್ಳುವವರೂ ಇದ್ದಾರೆ, ವ್ಯಾಪಾರ ಮಾತ್ರ ನಡೆಯುವುದಿಲ್ಲ. ಡ್ರೈವರ್ ಕೆಟ್ಟಾಗ ಆಗುವುದೂ ಇದೇ.

ಡ್ರೈವರ್ ಕೆಡಲು ಮುಖ್ಯ ಕಾರಣಗಳು ಮೂರು. ವಿಂಡೋಸ್ ತಾನಾಗಿ ನವೀಕರಣಗೊಂಡಾಗ ಹೊಸ ಡ್ರೈವರ್ ಹಳೆಯ ಚಿಪ್ಪಿಗೆ ಹೊಂದದಿರುವುದು ಮೊದಲನೆಯದು. ಕೆಲಸದ ನಡುವೆ ವಿದ್ಯುತ್ ಹೋಗಿ ಫೈಲು ಅರ್ಧಕ್ಕೇ ಕೆಡುವುದು ಎರಡನೆಯದು. ಬೇರೆ ಮಾದರಿಯ ಯಂತ್ರದ ಡ್ರೈವರನ್ನು ತಂದು ಹಾಕಿರುವುದು ಮೂರನೆಯದು.

ತಾಳೆಪಟ್ಟಿಯ ಕ್ರಮ

ತಾಳೆಪಟ್ಟಿ ಹೊಂದದಿದ್ದರೆ ಅನುಭವಿ ಗುಮಾಸ್ತನು ಇಡೀ ವರ್ಷದ ಪುಸ್ತಕವನ್ನು ಹೊಸದಾಗಿ ಬರೆಯಲು ಕೂರುವುದಿಲ್ಲ. ಮೊದಲು ಕೂಡಿಕೆಯನ್ನು, ನಂತರ ಮುಂದಕ್ಕೆ ತಂದ ಮೊತ್ತವನ್ನು, ಕೊನೆಗೆ ಒಂದೊಂದು ನಮೂದನ್ನು ನೋಡುತ್ತಾನೆ. ಧ್ವನಿಯ ದೋಷಕ್ಕೂ ಸುಲಭದಿಂದ ಕಠಿಣದ ಕಡೆಗೆ ಸಾಗುವ ಇದೇ ಕ್ರಮ ಅನ್ವಯಿಸುತ್ತದೆ.

1. ತಂತಿ ಮತ್ತು ತೂತು: ಸ್ಪೀಕರಿನ ತಂತಿ ಹಸಿರು ಬಣ್ಣದ ತೂತಿನಲ್ಲಿಯೂ ಮೈಕಿನ ತಂತಿ ಗುಲಾಬಿ ಬಣ್ಣದ ತೂತಿನಲ್ಲಿಯೂ ಇರಬೇಕು. ಗೋಣಿಚೀಲ ಮತ್ತು ಕೊಬ್ಬರಿಯ ದೂಳು ಸದಾ ಇರುವ ಮಂಡಿಗಳಲ್ಲಿ ಈ ತೂತುಗಳು ಕಟ್ಟಿಕೊಳ್ಳುವುದು ಸಾಮಾನ್ಯ. ಅದೇ ಸ್ಪೀಕರನ್ನು ಮೊಬೈಲಿಗೆ ಜೋಡಿಸಿ ನೋಡಿದರೆ ದೋಷ ಸ್ಪೀಕರಿನದೋ ಯಂತ್ರದ್ದೋ ಎಂಬುದು ತಿಳಿಯುತ್ತದೆ.

2. ಧ್ವನಿ ಹೋಗುವ ದಾರಿ: ಎಚ್‌ಡಿಎಂಐ ತಂತಿಯ ಹೊಸ ಮಾನಿಟರ್ ಜೋಡಿಸಿದಾಗ, ಸ್ಪೀಕರೇ ಇಲ್ಲದ ಆ ಮಾನಿಟರಿಗೆ ವಿಂಡೋಸ್ ಧ್ವನಿಯನ್ನು ಕಳುಹಿಸುತ್ತಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಸೌಂಡ್ ತೆರೆದು ಸರಿಯಾದ ಔಟ್‌ಪುಟ್ ಆರಿಸಬೇಕು. ಮೈಕ್ ಕೆಲಸ ಮಾಡದಿದ್ದರೆ ಪ್ರೈವೆಸಿ ವಿಭಾಗದಲ್ಲಿ ಮೈಕ್ರೋಫೋನಿಗೆ ಅನುಮತಿ ಇದೆಯೇ ಎಂಬುದನ್ನೂ ನೋಡಬೇಕು.

3. ಧ್ವನಿ ಸೇವೆ: ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿ ಮತ್ತು ಆರ್ ಅಕ್ಷರವನ್ನು ಒಟ್ಟಿಗೆ ಒತ್ತಿ, ಸರ್ವಿಸಸ್ ಡಾಟ್ ಎಂಎಸ್‌ಸಿ ಎಂದು ಆಂಗ್ಲ ಅಕ್ಷರಗಳಲ್ಲಿ ಬರೆದರೆ ಸೇವೆಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ 'ವಿಂಡೋಸ್ ಆಡಿಯೋ' ಮತ್ತು 'ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್' ಎಂಬೆರಡೂ ಚಾಲನೆಯಲ್ಲಿರಬೇಕು.

4. ಡಿವೈಸ್ ಮ್ಯಾನೇಜರ್: ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಡಿವೈಸ್ ಮ್ಯಾನೇಜರ್ ಸಿಗುತ್ತದೆ. ಅಲ್ಲಿ ಸೌಂಡ್ ವಿಭಾಗದಲ್ಲಿ ಹಳದಿ ಗುರುತು ಕಂಡರೆ ದೋಷ ಡ್ರೈವರಿನ ಮಟ್ಟದಲ್ಲಿದೆ ಎಂದು ತಿಳಿಯಬಹುದು. ಆ ಹೆಸರನ್ನು ಎರಡು ಬಾರಿ ಒತ್ತಿದಾಗ ದೋಷದ ಸಂಖ್ಯೆ ಕಾಣುತ್ತದೆ. 22 ಎಂದಿದ್ದರೆ ಸಾಧನವನ್ನು ಯಾರೋ ನಿಲ್ಲಿಸಿದ್ದಾರೆ, 'ಎನೇಬಲ್' ಮಾಡಿದರೆ ಸಾಕು. 28 ಎಂದರೆ ಡ್ರೈವರೇ ಇಲ್ಲ. 39 ಎಂದರೆ ಡ್ರೈವರ್ ಕೆಟ್ಟಿದೆ ಅಥವಾ ಕಾಣೆಯಾಗಿದೆ. 10 ಎಂದರೆ ಸಾಧನ ಆರಂಭವಾಗುತ್ತಿಲ್ಲ. ಈ ಸಂಖ್ಯೆಯನ್ನು ಬರೆದಿಟ್ಟುಕೊಂಡು ರಿಪೇರಿಯವರಿಗೆ ತಿಳಿಸಿದರೆ ಅರ್ಧ ಕೆಲಸ ಮುಗಿದಂತೆ.

5. ಹಿಂದಿನ ಡ್ರೈವರಿಗೆ ಮರಳುವುದು: ನವೀಕರಣದ ಮರುದಿನವೇ ಧ್ವನಿ ಹೋಗಿದ್ದರೆ 'ರೋಲ್ ಬ್ಯಾಕ್ ಡ್ರೈವರ್' ಗುಂಡಿಯಿಂದ ಹಳೆಯದಕ್ಕೆ ಮರಳಬಹುದು. ಆ ಗುಂಡಿ ಮಸುಕಾಗಿದ್ದರೆ 'ಅನ್‌ಇನ್‌ಸ್ಟಾಲ್ ಡಿವೈಸ್' ಮಾಡಿ ಯಂತ್ರವನ್ನು ಮತ್ತೆ ಆರಂಭಿಸಬೇಕು. ಆಗ ವಿಂಡೋಸ್ ಸಾಮಾನ್ಯವಾಗಿ ತನ್ನದೇ ಆದ ಡ್ರೈವರನ್ನು ತಾನಾಗಿ ಹಾಕಿಕೊಳ್ಳುತ್ತದೆ. ಮಂಡಿಯ ಕೆಲಸಕ್ಕೆ ಅದು ಧಾರಾಳವಾಗಿ ಸಾಕು.

ಡ್ರೈವರನ್ನು ಎಲ್ಲಿಂದ ಪಡೆಯಬೇಕು?

ಹೊಸ ಡ್ರೈವರ್ ಬೇಕೇ ಬೇಕೆಂದಾದರೆ ಯಂತ್ರ ಅಥವಾ ಮದರ್‌ಬೋರ್ಡ್ ತಯಾರಿಸಿದ ಕಂಪನಿಯಿಂದಲೇ ಪಡೆಯಬೇಕು. ಬ್ರ್ಯಾಂಡೆಡ್ ಯಂತ್ರವಾದರೆ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಮಾದರಿಯ ಸಂಖ್ಯೆ ಇರುತ್ತದೆ. ಬಿಡಿಭಾಗಗಳನ್ನು ಜೋಡಿಸಿ ಮಾಡಿದ ಯಂತ್ರವಾದರೆ 'ಸಿಸ್ಟಮ್ ಇನ್‌ಫರ್ಮೇಶನ್' ತೆರೆದಾಗ ಬೇಸ್‌ಬೋರ್ಡಿನ ತಯಾರಕರು ಮತ್ತು ಮಾದರಿ ಕಾಣುತ್ತವೆ. ಎಲ್ಲ ಡ್ರೈವರುಗಳನ್ನೂ ಒಂದೇ ಏಟಿಗೆ ಸರಿಪಡಿಸುವುದಾಗಿ ಜಾಹೀರಾತು ನೀಡುವ ಉಚಿತ ತಂತ್ರಾಂಶಗಳಿಂದ ದೂರವಿರುವುದು ಕ್ಷೇಮ. ಅವುಗಳೊಂದಿಗೆ ವೈರಸ್ ಬರುವ ಸಂಭವವಿದೆ. ತಾಂತ್ರಿಕ ಸಹಾಯ ಕೇಂದ್ರದವರೆಂದು ತಾವಾಗಿ ದೂರವಾಣಿ ಮಾಡಿ, ಯಂತ್ರವನ್ನು ದೂರದಿಂದಲೇ ನಿಯಂತ್ರಿಸಲು ಅನುಮತಿ ಕೇಳುವವರಿಗೆ ಎಂದಿಗೂ ಒಪ್ಪಿಗೆ ನೀಡಬಾರದು. ಅದೇ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವೂ ನಡೆಯುತ್ತದೆಂಬುದನ್ನು ಮರೆಯುವಂತಿಲ್ಲ.

ರಿಪೇರಿಗೆ ಕಳುಹಿಸುವ ಮುನ್ನ

ಮೇಲಿನ ಐದು ಹಂತಗಳೂ ಫಲಿಸದಿದ್ದಾಗ ರಿಪೇರಿ ಅನಿವಾರ್ಯ. ಆದರೆ ಯಂತ್ರವು ಅಂಗಡಿಯ ಹೊಸಿಲು ದಾಟುವ ಮೊದಲು ಟ್ಯಾಲಿಯ ಲೆಕ್ಕ, ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್‌ನಲ್ಲಿರುವ ಕಡತಗಳ ಪ್ರತಿಯನ್ನು ಪೆನ್ ಡ್ರೈವ್‌ಗೆ ತೆಗೆದುಕೊಳ್ಳಬೇಕು. ಆ ಪ್ರತಿಯನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಿದ ನಂತರವೇ ಅದನ್ನು ಪ್ರತಿ ಎಂದು ಕರೆಯಬಹುದು. ಅನುಮತಿಯಿಲ್ಲದೆ ಫಾರ್ಮ್ಯಾಟ್ ಮಾಡಕೂಡದೆಂದು ರಿಪೇರಿಯ ರಸೀತಿಯಲ್ಲಿಯೇ ಬರೆಸಿಕೊಳ್ಳುವುದು ಲೇಸು. ಫಾರ್ಮ್ಯಾಟ್ ಆದರೆ ಡಿಜಿಟಲ್ ಸಹಿಯ ಟೋಕನ್ನಿಗೂ ಮುದ್ರಣ ಯಂತ್ರಕ್ಕೂ ಡ್ರೈವರುಗಳನ್ನು ಮತ್ತೆ ಹಾಕಬೇಕಾಗುತ್ತದೆ. ತೆರಿಗೆ ವಿವರಣಾ ಪತ್ರದ ಕೊನೆಯ ದಿನ ಈ ತೊಡಕು ಎದುರಾದರೆ ಅದರ ಬೆಲೆಯನ್ನು ವಿಳಂಬ ಶುಲ್ಕದ ರೂಪದಲ್ಲಿ ತೆರಬೇಕು.

ಮದರ್‌ಬೋರ್ಡಿನ ಧ್ವನಿ ಚಿಪ್ಪೇ ಸುಟ್ಟಿದ್ದರೂ ಬೋರ್ಡನ್ನು ಬದಲಿಸುವ ಅಗತ್ಯವಿಲ್ಲ. ಕೆಲವು ನೂರು ರೂಪಾಯಿಗಳ ಯುಎಸ್‌ಬಿ ಹೆಡ್‌ಸೆಟ್ ತನ್ನದೇ ಧ್ವನಿ ಚಿಪ್ಪನ್ನು ಹೊಂದಿರುತ್ತದೆ. ವಿಂಡೋಸ್‌ನಲ್ಲಿ ಅದಕ್ಕೆ ಬೇಕಾದ ಡ್ರೈವರ್ ಮೊದಲೇ ಇರುತ್ತದೆ. ಇಂತಹದೊಂದು ಹೆಡ್‌ಸೆಟ್ ಮಂಡಿಯ ಕಪಾಟಿನಲ್ಲಿದ್ದರೆ ವಿಚಾರಣೆಯ ದಿನ ಅದೇ ಆಪದ್ಬಂಧು.

ಯಂತ್ರವು ತೀರ ಹಳೆಯದಾಗಿದ್ದರೆ ಮತ್ತೊಂದು ಅಂಶವನ್ನೂ ಗಮನಿಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅನೇಕ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಅಂತಹ ಯಂತ್ರದಲ್ಲಿ ಧ್ವನಿಯೊಂದನ್ನೇ ಸರಿಪಡಿಸಲು ಹೆಚ್ಚು ಹಣ ವ್ಯಯಿಸುವುದಕ್ಕಿಂತ, ಲೆಕ್ಕದ ಸುರಕ್ಷತೆಯ ದೃಷ್ಟಿಯಿಂದ ಹೊಸ ಯಂತ್ರದ ಬಗ್ಗೆ ಯೋಚಿಸುವುದು ವ್ಯವಹಾರಜ್ಞಾನ.

ಕೊನೆಯದಾಗಿ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ವರ್ತಕರಿಗೆ ಶೋಭಿಸುವುದಿಲ್ಲ. ವಿಚಾರಣೆಯ ನೋಟೀಸು ಕೈಸೇರಿದ ದಿನವೇ ಧ್ವನಿ ಮತ್ತು ಮೈಕನ್ನು ಪರೀಕ್ಷಿಸುವುದು, ವಾರಕ್ಕೊಮ್ಮೆ ಲೆಕ್ಕದ ಪ್ರತಿ ತೆಗೆದಿಡುವುದು, ಯಂತ್ರದ ಮಾದರಿಯ ಸಂಖ್ಯೆಯನ್ನು ಲೆಕ್ಕಪುಸ್ತಕದ ಮೊದಲ ಪುಟದಲ್ಲಿ ಬರೆದಿಡುವುದು: ಈ ಮೂರು ಅಭ್ಯಾಸಗಳಿಗೆ ಖರ್ಚೆಂಬುದು ಇಲ್ಲವೇ ಇಲ್ಲ ಎನ್ನಬಹುದು. ಕಾಯನ್ನು ಒಡೆಯುವ ಮೊದಲು ಅಲುಗಿಸಿ ನೋಡುವ ವಿವೇಕವನ್ನು ಗಣಕಯಂತ್ರದ ವಿಷಯದಲ್ಲಿಯೂ ತೋರಿದರೆ, ಹಣವೂ ಉಳಿಯುತ್ತದೆ, ಲೆಕ್ಕವೂ ಉಳಿಯುತ್ತದೆ.