ಹೃದಯದ್ದಲ್ಲದ ಎದೆನೋವು

2021ರ ಅಕ್ಟೋಬರ್ ಕೊನೆಯಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗಾಗಿ ಸಾಲುಗಟ್ಟಿ ನಿಂತ ಜನರನ್ನು ನಾಡು ಕಂಡಿತು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಹಬ್ಬಿದಾಗಲೂ ಹಾಗೆಯೇ ಆಯಿತು. ಅಂಥ ದಿನಗಳಲ್ಲಿ ನಮ್ಮ ಚಿಕಿತ್ಸಾಲಯಕ್ಕೂ ಎದೆಯ ಮೇಲೆ ಕೈಯಿಟ್ಟುಕೊಂಡು ಬರುವವರು ಹೆಚ್ಚುತ್ತಾರೆ. ಪರೀಕ್ಷೆಗಳೆಲ್ಲ ಮುಗಿದು, ಹೃದಯದಲ್ಲಿ ದೋಷವಿಲ್ಲವೆಂಬ ಕಾಗದ ಕೈಗೆ ಬಂದ ಮೇಲೆಯೂ ಅವರಲ್ಲಿ ಹಲವರ ನೋವು ಹೋಗಿರುವುದಿಲ್ಲ. ನೋವು ಹೋಗದೆ ಭಯ ಹೇಗೆ ಹೋದೀತು? ಈ ಲೇಖನವನ್ನು ಮುಖ್ಯವಾಗಿ ಅಂಥವರಿಗಾಗಿ ಬರೆಯುತ್ತಿದ್ದೇವೆ.

ಮುಂದುವರಿಯುವ ಮೊದಲು ಕ್ರಮವನ್ನು ಸ್ಪಷ್ಟಪಡಿಸಬೇಕು. ನೋವು ಹೃದಯದ್ದಲ್ಲವೆಂಬ ತೀರ್ಮಾನ ಮನೆಯಲ್ಲಿ ಆಗತಕ್ಕದ್ದಲ್ಲ. ಎದೆ ಹಿಡಿದುಕೊಂಡವರಿಗೆ ‘ಗ್ಯಾಸ್ ಆಗಿರಬೇಕು’ ಎಂದು ಸೋಡಾ ಕುಡಿಸಿ, ಓಮಕಾಳು ಅಗಿಯಲು ಕೊಟ್ಟು, ಬೆನ್ನು ನೀವಿ ಮಲಗಿಸುವುದು ನಮ್ಮಲ್ಲಿ ರೂಢಿ. ಒಂದು ತೇಗು ಬಂದು ಹಗುರವಾಯಿತೆಂದರೆ ಅದು ವಾಯುವೇ ಎಂದು ಮನೆಮಂದಿಯೆಲ್ಲ ನಿಶ್ಚಯಿಸಿಬಿಡುತ್ತಾರೆ. ಇದು ಪರೀಕ್ಷೆಯಲ್ಲ. ಹೃದಯದ ರಕ್ತನಾಳ ಕಟ್ಟಿಕೊಳ್ಳುವಾಗಲೂ ಓಕರಿಕೆ, ತೇಗು, ಹೊಟ್ಟೆಯ ಮೇಲ್ಭಾಗದ ಉರಿ ಕಾಣಿಸಬಹುದು. ನೋವು ತಾನಾಗಿಯೇ ಇಳಿದು ಮತ್ತೆ ಏರಬಹುದು. ನೋವು ಸಣ್ಣದು ಎಂಬುದೂ ಸಮಾಧಾನಕ್ಕೆ ಕಾರಣವಲ್ಲ. ಸಕ್ಕರೆ ಕಾಯಿಲೆಯುಳ್ಳವರಲ್ಲಿ, ವೃದ್ಧರಲ್ಲಿ, ಎಷ್ಟೋ ಸಲ ಸ್ತ್ರೀಯರಲ್ಲಿ ಹೃದಯಾಘಾತವು ದಣಿವು, ಏದುಸಿರು, ವಾಂತಿ ಇಷ್ಟರಲ್ಲೇ ಪ್ರಕಟವಾಗುವುದುಂಟು.

ಎದೆಯ ನಡುವೆ ಕಲ್ಲು ಹೇರಿದಂಥ ಭಾರ ಅಥವಾ ಹಿಂಡಿದಂಥ ಬಿಗಿತ, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ಕಷ್ಟ, ಕಣ್ಣುಕತ್ತಲೆ, ನಡೆದಾಗ ಬಂದು ನಿಂತಾಗ ಇಳಿಯುವ ನೋವು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ 108ಕ್ಕೆ ಕರೆ ಮಾಡಬೇಕು. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದಾಗಲಿ, ನಮ್ಮಂಥ ಆಯುರ್ವೇದ ವೈದ್ಯರ ಬಾಗಿಲಲ್ಲಿ ಸರದಿ ಕಾಯುವುದಾಗಲಿ ಕೂಡದು. ಪುನೀತ್ ಅವರ ಹೆಸರಿನಲ್ಲೇ ಸರ್ಕಾರ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯಿಂದಾಗಿ ಈಗ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಅನುಕೂಲವಿದೆ. ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಎದ್ದು ಬರಬಾರದು. ಕೆಲವು ಗಂಟೆಗಳ ನಂತರ ಮತ್ತೊಂದು ಇಸಿಜಿ, ರಕ್ತದ ಟ್ರೊಪೋನಿನ್ ಪರೀಕ್ಷೆ ಬೇಕೆಂದು ವೈದ್ಯರು ಹೇಳಿದರೆ ಅದಕ್ಕೆ ಒಪ್ಪಬೇಕು. ಸಣ್ಣ ಹಾನಿ ಎಷ್ಟೋ ಸಲ ತಡವಾಗಿ ತೋರುತ್ತದೆ.

ಇಷ್ಟಾಗಿ ಹೃದಯ ನಿರ್ದೋಷಿಯೆಂದು ತಿಳಿದ ಮೇಲೆ ಉಳಿಯುವ ಪ್ರಶ್ನೆ: ಹಾಗಾದರೆ ಈ ನೋವು ಎಲ್ಲಿಯದು?

ಹೃದಯದಿಂದ ಹೊರಟ ನೋವಿನ ನರತಂತುಗಳೂ ಅನ್ನನಾಳದಿಂದ ಹೊರಟವೂ ಬೆನ್ನುಹುರಿಯ ಮೇಲ್ಭಾಗದ ಒಂದೇ ನೆಲೆಗಳನ್ನು ಸೇರುತ್ತವೆ. ಒಂದೇ ಓಣಿಯ ಎರಡು ಮನೆಗಳಿಂದ ಕೂಗು ಬಂದಂತೆ. ಓಣಿಯ ತುದಿಯಲ್ಲಿ ನಿಂತವನಿಗೆ ಕೂಗು ಕೇಳುತ್ತದೆ, ಯಾವ ಮನೆಯದೆಂದು ತಿಳಿಯುವುದಿಲ್ಲ. ಮಿದುಳಿನ ಪಾಡೂ ಅದೇ. ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯಿಂದ ನೋವು ಇಳಿದರೆ ಅದು ಹೃದಯದ್ದೇ ಎಂದು ನಂಬಿದವರಿದ್ದಾರೆ. ಆ ಮಾತ್ರೆ ಅನ್ನನಾಳದ ಸೆಳೆತವನ್ನೂ ಸಡಿಲಿಸುತ್ತದೆ. ಆದುದರಿಂದ ಅದೂ ಸಾಕ್ಷಿಯಲ್ಲ. ನಮ್ಮ ಪ್ರಾಚೀನರಿಗೂ ಈ ನೆರೆಹೊರೆಯ ಸಂಬಂಧ ಕಂಡಿತ್ತು. ಮಾಧವನಿದಾನವು ಆಮ್ಲಪಿತ್ತದ ಲಕ್ಷಣಗಳಲ್ಲಿ ಹುಳಿತೇಗು, ಅಜೀರ್ಣ, ಅರುಚಿಗಳ ಜೊತೆಗೆ ಹೃತ್ಕಂಠದಾಹವನ್ನೂ, ಎಂದರೆ ಎದೆ ಮತ್ತು ಗಂಟಲಿನ ಉರಿಯನ್ನೂ ಎಣಿಸುತ್ತದೆ. ಚರಕಸಂಹಿತೆ ಐದು ಬಗೆಯ ಹೃದ್ರೋಗಗಳನ್ನು ಬೇರೆಯಾಗಿಯೇ ಹೇಳಿದೆ.

ಹೃದಯದ್ದಲ್ಲವೆಂದು ಖಚಿತವಾದ ಎದೆನೋವುಗಳಲ್ಲಿ ಹೆಚ್ಚಿನ ಪಾಲು ಈ ಅನ್ನನಾಳದ್ದು. ಜಠರದ ಹುಳಿರಸವು ಮೇಲಕ್ಕೆ ಉಕ್ಕದಂತೆ ತಡೆಯುವ ಸ್ನಾಯುವಿನ ಬಿಗಿ ಸಡಿಲವಾದಾಗ ರಸ ಅನ್ನನಾಳಕ್ಕೆ ನುಗ್ಗುತ್ತದೆ. ಜಠರದ ಒಳಪದರಿಗೆ ಆಮ್ಲವನ್ನು ತಾಳುವ ಶಕ್ತಿಯಿದೆ, ಅನ್ನನಾಳಕ್ಕೆ ಅದಿಲ್ಲ. ಎದೆಮೂಳೆಯ ಹಿಂದೆ ಉರಿ, ಕೆಲವೊಮ್ಮೆ ಉರಿಯಿಲ್ಲದೆ ಬರಿಯ ಒತ್ತಡ, ಬಾಯಿಗೆ ಹುಳಿನೀರು, ಬೆಳಗಿನ ಒಣಕೆಮ್ಮು ಇದರಿಂದ ಬರುತ್ತವೆ. ಉಂಡ ಮೇಲೆ, ಬಗ್ಗಿದಾಗ, ಮಲಗಿದಾಗ ಹೆಚ್ಚುವುದು ಇದರ ಗುರುತು. ರಾತ್ರಿ 9.30ಕ್ಕೆ ಟಿ.ವಿ. ಮುಂದೆ ಹೊಟ್ಟೆ ಬಿರಿಯುವಂತೆ ಉಂಡು 10 ಗಂಟೆಗೆ ಹಾಸಿಗೆ ಸೇರುವ ಮನೆಗಳಲ್ಲಿ ಈ ವ್ಯಾಧಿಯನ್ನು ನಾವೇ ಸಾಕುತ್ತಿದ್ದೇವೆ. ಮಿರ್ಚಿ ಬಜ್ಜಿ, ದಿನಕ್ಕೆ ಆರೇಳು ಸಲ ಚಹಾ, ತಂಬಾಕು, ಬೊಜ್ಜು ಇವು ಅದಕ್ಕೆ ಒತ್ತಾಸೆ.

ಇಲ್ಲಿ ಭಕ್ತರು ಮಾಡುವ ಒಂದು ಉಪಚಾರವನ್ನು ನಾವು ಒಪ್ಪುವುದಿಲ್ಲ. ವಾಯುವೆಂದು ಭಾವಿಸಿ ಒಣಶುಂಠಿ, ಮೆಣಸು ಕುದಿಸಿದ ಕಷಾಯವನ್ನು ದಿನಕ್ಕೆ ಮೂರು ಹೊತ್ತು ಕುಡಿಯುವರು. ಹೊಟ್ಟೆಯುಬ್ಬರಕ್ಕೆ ಅದು ಹಿತ. ಉರಿಯುತ್ತಿರುವ ಎದೆಗೆ ಉರಿಯ ಮೇಲೆ ಎಣ್ಣೆ. ಪಿತ್ತ ಪ್ರಧಾನವಾದಲ್ಲಿ, ರಾತ್ರಿ ನೀರಿನಲ್ಲಿ ನೆನೆಯಿಟ್ಟ ಕೊತ್ತಂಬರಿ ಬೀಜವನ್ನು ಬೆಳಗ್ಗೆ ಕಿವುಚಿ ಸೋಸಿದ ನೀರು, ಹುಳಿಯಿಲ್ಲದ ಮಿತವಾದ ಊಟ ತಕ್ಕದ್ದು. ಅಂಗಡಿಯಲ್ಲಿ ಕೇಳಿ ಕೊಳ್ಳುವ ಅವಿಪತ್ತಿಕರ ಚೂರ್ಣ ಒಳ್ಳೆಯ ಔಷಧವೇ ಹೌದು. ಆದರೆ ಅದರಲ್ಲಿ ಭೇದಿ ಮಾಡಿಸುವ ತಿಗಡೆ ಬೇರಿದೆ, ಸಕ್ಕರೆಯ ಪಾಲೂ ದೊಡ್ಡದು. ಗರ್ಭಿಣಿಯರು ಮತ್ತು ಮಧುಮೇಹಿಗಳು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಔಷಧಕ್ಕಿಂತ ಮೊದಲು ಊಟಕ್ಕೂ ನಿದ್ರೆಗೂ ನಡುವೆ 3 ಗಂಟೆ ಬಿಡುವಿರಲಿ. ಎಡಮಗ್ಗುಲಾಗಿ ಮಲಗಿರಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ತುಂಡಿಟ್ಟು 6 ಅಂಗುಲ ಎತ್ತರಿಸಿರಿ. ಎರಡು ದಿಂಬು ಹಾಕಿಕೊಂಡರೆ ಕತ್ತು ಮಾತ್ರ ಬಾಗಿ ಹೊಟ್ಟೆ ಇನ್ನಷ್ಟು ಒತ್ತಿಹೋಗುತ್ತದೆ. ನುಂಗುವಾಗ ಅನ್ನ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ ಇವು ಕಂಡರೆ ಮನೆಮದ್ದನ್ನು ನಿಲ್ಲಿಸಿ ಎಂಡೋಸ್ಕೋಪಿ ಮಾಡಿಸಲೇಬೇಕು.

ಎರಡನೆಯ ಮುಖ್ಯ ಮೂಲ ಎದೆಗೂಡಿನದು. ಪಕ್ಕೆಲುಬುಗಳು ಎದೆಮೂಳೆಗೆ ನೇರವಾಗಿ ಅಂಟಿಲ್ಲ. ನಡುವೆ ಮೃದ್ವಸ್ಥಿಯ ತುಣುಕುಗಳಿವೆ. ನಾವು ಉಸಿರಾಡಿದಂತೆಲ್ಲ ಅವು ಬಾಗುತ್ತವೆ. ಭಾರ ಎತ್ತಿದಾಗ, ವಾರಗಟ್ಟಲೆ ಕೆಮ್ಮಿದಾಗ, ಒಂದೇ ತೋಳಿಗೆ ದುಡಿಮೆ ಬಿದ್ದಾಗ ಆ ಸಂದುಗಳು ನೋಯುತ್ತವೆ, ಹೆಚ್ಚಾಗಿ ಎರಡರಿಂದ ಐದನೆಯ ಪಕ್ಕೆಲುಬಿನವರೆಗೆ. ಊತವೂ ಇದ್ದರೆ ಅದಕ್ಕೆ ಟೀಟ್ಸೆಯ ರೋಗವೆಂದು ಹೆಸರು; ಅಲೆಕ್ಸಾಂಡರ್ ಟೀಟ್ಸೆ ಎಂಬ ಜರ್ಮನ್ ಶಸ್ತ್ರವೈದ್ಯರು 1921ರಲ್ಲಿ ಅದನ್ನು ವರ್ಣಿಸಿದರು. ನಮ್ಮಲ್ಲಿಗೆ ಬಂದ ಒಬ್ಬ ತಾಯಿಯವರು ಎರಡು ಸಲ ಹೃದಯದ ಪರೀಕ್ಷೆ ಮಾಡಿಸಿದ್ದರು, ಎರಡೂ ಸಲ ದೋಷವಿರಲಿಲ್ಲ. ಆದರೂ ಒಂದು ವರ್ಷದಿಂದ ಮೆಟ್ಟಿಲು ಹತ್ತಲು ಅಂಜುತ್ತಿದ್ದರು. ಎಲ್ಲಿ ನೋವೆಂದು ಕೇಳಿದರೆ ಒಂದೇ ಬೆರಳಿನಿಂದ ಒಂದೇ ಜಾಗ ತೋರಿಸಿದರು. ಅಲ್ಲಿ ಒತ್ತಿದೊಡನೆ ‘ಇದೇ, ಇದೇ ನೋವು’ ಎಂದರು. ದಿನಕ್ಕೆ ನಲವತ್ತು ಜೋಳದ ರೊಟ್ಟಿ ಬಡಿಯುವ ಕೈ ಅವರದು. ತಮ್ಮ ನೋವಿಗೆ ಒಂದು ಕಾರಣವಿದೆಯೆಂದು ತಿಳಿದಾಗ ಅವರ ಮುಖ ಬದಲಾದುದನ್ನು ನಾವು ಮರೆತಿಲ್ಲ. ‘ಏನೂ ಇಲ್ಲ’ ಎಂಬ ಮಾತು ಅವರಿಗೆ ತಾವು ಸುಳ್ಳು ಹೇಳುತ್ತಿರುವಂತೆ ಕೇಳಿಸಿತ್ತು.

ಒತ್ತಿದಾಗ, ಮಗ್ಗುಲು ತಿರುಗಿದಾಗ, ತೋಳೆತ್ತಿದಾಗ ಹೆಚ್ಚುವ ನೋವು ಎದೆಗೂಡಿನದಾಗಿರುವ ಸಂಭವ ಹೆಚ್ಚು. ಹೃದ್ರೋಗವಿದ್ದವರಿಗೂ ಇಂಥ ನೋವು ಬರಬಹುದಾದ್ದರಿಂದ ಇದು ಕೂಡ ಮೊದಲ ಪರೀಕ್ಷೆಗೆ ಬದಲಿಯಲ್ಲ. ಉಗುರುಬೆಚ್ಚಗಿನ ಮಹಾನಾರಾಯಣ ತೈಲವನ್ನು ಮೆಲ್ಲಗೆ ಸವರಿ, ಬಟ್ಟೆಯಲ್ಲಿ ಕಟ್ಟಿದ ಕಲ್ಲುಪ್ಪಿನ ಶಾಖವನ್ನು 10 ನಿಮಿಷ ಕೊಡಬಹುದು. ಒತ್ತಿ ತಿಕ್ಕಬಾರದು. ಕೆಲವು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಆತುರದಿಂದ ಅಂಗಡಿಯ ನೋವಿನ ಮಾತ್ರೆಗಳನ್ನು ದಿನವೂ ನುಂಗಿದರೆ ಪಕ್ಕೆಲುಬಿನ ನೋವು ಇಳಿದು ಜಠರದ ಉರಿ ಹುಟ್ಟಿಕೊಳ್ಳುತ್ತದೆ. ಒಂದು ಎದೆನೋವಿನ ಜಾಗಕ್ಕೆ ಇನ್ನೊಂದು!

ಶಾಖ ಕೊಡುವ ಮೊದಲು ಚರ್ಮವನ್ನು ನೋಡಿರಿ. ಎದೆಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿ, ಬಟ್ಟೆ ತಗುಲಿದರೂ ನೋವು, ಎರಡು ಮೂರು ದಿನಗಳಲ್ಲಿ ನೀರುಗುಳ್ಳೆ ಎಂದರೆ ಅದು ಸರ್ಪಸುತ್ತು. ಅದಕ್ಕೆ ಕೂಡಲೇ ವೈದ್ಯರ ಔಷಧ ಬೇಕು. ಎಳೆಯ ಹುಡುಗರಲ್ಲಿ ಉಸಿರೆಳೆದಾಗ ಸೂಜಿ ಚುಚ್ಚಿದಂತಾಗಿ ಕೆಲವೇ ಕ್ಷಣಗಳಲ್ಲಿ ಮಾಯವಾಗುವ ನೋವು ನಿರಪಾಯಕಾರಿ. ಜ್ವರ, ಕಫದೊಂದಿಗೆ ಬಂದ ಪಕ್ಕೆನೋವು ಶ್ವಾಸಕೋಶದ್ದಾಗಿರಬಹುದು. ಉಸಿರಾಟವೇ ಕಷ್ಟವಾದರೆ ಅದು ತುರ್ತು ಪ್ರಸಂಗ.

ಇನ್ನು ಭಯದ ವಿಷಯ. ಭಯದಿಂದಲೂ ಎದೆ ನೋಯುತ್ತದೆ. ಆ ನೋವು ಕಲ್ಪಿತವಲ್ಲ. ಉಸಿರು ವೇಗವಾದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತುಟಿ, ಬೆರಳುಗಳು ಜುಮುಗುಡುತ್ತವೆ, ಎದೆಯ ಸ್ನಾಯುಗಳು ಬಿಗಿಯುತ್ತವೆ, ಹೃದಯ ಡವಗುಟ್ಟುತ್ತದೆ. ಅದನ್ನು ಕಂಡು ಭಯ ಮತ್ತಷ್ಟು ಬೆಳೆಯುತ್ತದೆ. ಸಾಮಾನ್ಯವಾಗಿ 10 ನಿಮಿಷಗಳೊಳಗೆ ಇದು ಉತ್ತುಂಗಕ್ಕೇರಿ ಇಳಿಯತೊಡಗುತ್ತದೆ. ಪರೀಕ್ಷೆ ಆಗಿರುವವರು ಆ ಹೊತ್ತಿನಲ್ಲಿ ಕುಳಿತು, ಒಳಗೆಳೆದುದಕ್ಕಿಂತ ಎರಡರಷ್ಟು ಹೊತ್ತು ಉಸಿರನ್ನು ನಿಧಾನವಾಗಿ ಹೊರಬಿಡಲಿ. ಮನೆಯವರು ‘ಸುಮ್ಮನೆ ಹೆದರಬೇಡ’ ಎಂದು ಗದರದೆ ಪಕ್ಕದಲ್ಲಿ ಕುಳಿತರೆ ಸಾಕು. ಮತ್ತೆ ಮತ್ತೆ ಬರುತ್ತಿದ್ದರೆ ಮನೋವೈದ್ಯರನ್ನು ಕಾಣುವುದರಲ್ಲಿ ನಾಚಿಕೆಯೇನೂ ಇಲ್ಲ.

ಒಮ್ಮೆ ಹೃದಯ ಸರಿಯಿದೆ ಎಂದ ಕಾಗದ ಜೀವನಪರ್ಯಂತದ ರಹದಾರಿಯಲ್ಲ. ಪರಿಚಿತವಾದ ಹಳೆಯ ನೋವು ತನ್ನ ರೀತಿ ಬದಲಿಸಿದರೆ, ಎಂದರೆ ಉಂಡಾಗ ಬರುತ್ತಿದ್ದುದು ನಡೆದಾಗ ಬರತೊಡಗಿದರೆ, ಬೆವರು ಜೊತೆಗೂಡಿದರೆ, ಹೊಸ ನೋವೆಂದೇ ತಿಳಿದು ಮತ್ತೆ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಹಳೆಯ ಇಸಿಜಿಯ ಪ್ರತಿಯನ್ನು ಒಯ್ಯಿರಿ. ಹೊಸದನ್ನು ಹಳೆಯದರೊಡನೆ ಹೋಲಿಸಿ ನೋಡಲು ವೈದ್ಯರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಆ ಕಾಗದದ ಮೇಲಿನ ಗೆರೆಗಳು ಕೆಲವು ವರ್ಷಗಳಲ್ಲಿ ಮಾಸಿಹೋಗುವುದರಿಂದ ಈಗಲೇ ಒಂದು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು.