ಆಳ ನೀರಿನ ಲಂಗರು ಎತ್ತಲು ಬೋಯಾದ ನೆರವು

ಗಾಳ ಹಾಕಿ ಮೀನು ಹಿಡಿಯುವ ದೋಣಿಗೆ ಲಂಗರು ಬಹು ಮುಖ್ಯವಾದ ಸಾಧನ. ಬಲೆ ಎಳೆಯುವ ದೋಣಿ ಚಲಿಸುತ್ತಲೇ ಇರಬೇಕು. ಗಾಳದ ದೋಣಿಯಾದರೋ ನಿಂತಲ್ಲೇ ನಿಲ್ಲಬೇಕು. ಮುರು, ಕೆಂಬೇರಿ ಮುಂತಾದ ಮೀನುಗಳು ಸಮುದ್ರತಳದ ಕಲ್ಲುಬಂಡೆಗಳ ಆಸುಪಾಸಿನಲ್ಲಿ ನೆಲೆಸುತ್ತವೆ. ದೋಣಿ ಹತ್ತು ಮಾರು ಅತ್ತಿತ್ತ ಸರಿದರೂ ಗಾಳ ಬರಿಯ ಮರಳಿನ ಮೇಲೆ ಬಿದ್ದು ಆ ಹೊತ್ತಿನ ದುಡಿಮೆ ವ್ಯರ್ಥವಾಗುತ್ತದೆ. ಆದುದರಿಂದ ಲಂಗರು ಇಳಿಸದೆ ಗತ್ಯಂತರವಿಲ್ಲ.

ಇಳಿಸುವುದು ಸುಲಭ, ಎತ್ತುವುದೇ ಕಷ್ಟ. ನೀರಿನ ಆಳ 25 ಮಾರು, ಅಂದರೆ ಸುಮಾರು 45 ಮೀಟರ್ ಇದೆ ಎಂದುಕೊಳ್ಳೋಣ. ಲಂಗರು ನೆಲ ಕಚ್ಚಿ ನಿಲ್ಲಬೇಕಾದರೆ ಆಳದ ಮೂರು ಪಟ್ಟಾದರೂ ಹಗ್ಗ ಬಿಡಬೇಕು. ಹಾಗಾದರೆ 75 ಮಾರು ಹಗ್ಗ, ಅದರ ತುದಿಯ ಸರಪಳಿ ಮತ್ತು ಲಂಗರು, ಇಷ್ಟನ್ನೂ ನೀರಿನ ಸೆಳೆತಕ್ಕೆ ಎದುರಾಗಿ ಇಬ್ಬರು ಮೂವರು ಕೈಯಿಂದಲೇ ಎಳೆಯಬೇಕಾಗುತ್ತದೆ. ಅಂಗೈ ಸುಲಿಯುತ್ತದೆ, ಸೊಂಟ ಹಿಡಿಯುತ್ತದೆ. ಇದರಿಂದಾಗುವ ಇನ್ನೊಂದು ನಷ್ಟ ಲೆಕ್ಕಕ್ಕೆ ಬರುವುದೇ ಇಲ್ಲ. ಲಂಗರು ಎತ್ತುವ ಬೇಸರಕ್ಕೆ ಮೀನು ಕಚ್ಚದ ಜಾಗದಲ್ಲೇ ಗಂಟೆಗಟ್ಟಲೆ ಕುಳಿತಿರುವುದು ಸಾಮಾನ್ಯ. ದಿನಕ್ಕೆ ನಾಲ್ಕು ಕಡೆ ಜಾಗ ಬದಲಿಸಬಹುದಾದ ದೋಣಿ ಒಂದೆರಡು ಕಡೆಗೇ ತೃಪ್ತಿಪಟ್ಟು ಮರಳುತ್ತದೆ.

ಈ ಭಾರವನ್ನು ದೋಣಿಯ ಎಂಜಿನ್ನಿಗೂ ಒಂದು ತೇಲುವ ಬೋಯಾಕ್ಕೂ ಹಂಚಿಕೊಡುವ ಸುಲಭ ವಿಧಾನವೊಂದಿದೆ. ಬೇಕಾಗುವ ಸಾಮಾನು ಎರಡೇ: ಗಾಳಿ ತುಂಬಿದ ಗಟ್ಟಿಯಾದ ಬೋಯಾ ಮತ್ತು ಅದಕ್ಕೆ ಗೇಣುದ್ದದ ಹಗ್ಗದಿಂದ ಬಿಗಿದ ಒಂದು ಉಕ್ಕಿನ ಬಳೆ.

ಕೆಲಸ ನಡೆಯುವ ಬಗೆ

ಲಂಗರಿನ ಹಗ್ಗ ಈ ಬಳೆಯೊಳಗೆ ಸಲೀಸಾಗಿ ಜಾರುವಂತಿರುತ್ತದೆ. ದೋಣಿ ಲಂಗರನ್ನು ದಾಟಿ ಮುಂದಕ್ಕೆ ಹೋದಾಗ ಬೋಯಾ ಅದರ ಜೊತೆಗೇ ಓಡಿಬರುವುದಿಲ್ಲ. ನೀರು ಅದನ್ನು ಹಿಂದಕ್ಕೆ ತಡೆಯುತ್ತದೆ, ತೇಲುವ ಗುಣ ಅದನ್ನು ಮೇಲೆಯೇ ಇರಿಸುತ್ತದೆ. ಆಗ ಹಗ್ಗ ದೋಣಿಯಿಂದ ನೀರಿನ ಮಟ್ಟದಲ್ಲೇ ಬೋಯಾದವರೆಗೆ ಬಂದು, ಬಳೆಯೊಳಗೆ ತಿರುಗಿ, ಅಲ್ಲಿಂದ ಕೆಳಕ್ಕೆ ಲಂಗರಿನತ್ತ ಇಳಿಯುತ್ತದೆ. ಬಾವಿಯ ಮೇಲಿನ ರಾಟೆ ಮಾಡುವ ಕೆಲಸವನ್ನೇ ಇಲ್ಲಿ ಬಳೆ ಮಾಡುತ್ತದೆ. ದೋಣಿ ಅಡ್ಡಲಾಗಿ ಎಳೆದಷ್ಟೂ ಲಂಗರು ಮೇಲಕ್ಕೆ ಬರುತ್ತದೆ. ಕೊನೆಗೆ ಸರಪಳಿಯೂ ಬಳೆಯನ್ನು ದಾಟಿ, ಲಂಗರಿನ ದಂಡ ಬಳೆಯೊಳಗೆ ಹೊಕ್ಕು, ಅದರ ಕೊಕ್ಕೆಗಳು ಬಳೆಗೆ ತಗುಲಿ ನಿಲ್ಲುತ್ತವೆ. ಒಂದು ಬದಿಯಲ್ಲಿ ಲಂಗರು, ಇನ್ನೊಂದು ಬದಿಯಲ್ಲಿ ಸರಪಳಿ, ಹೀಗೆ ತಕ್ಕಡಿಯಂತೆ ತೂಗಿಕೊಂಡು ಎರಡೂ ಬೋಯಾದ ಕೆಳಗೆ ತೇಲುತ್ತವೆ. ಸರಪಳಿ ಲಂಗರಿನಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು ತೂಕವಿದ್ದರೆ ಹಗ್ಗ ಸಡಿಲವಾದರೂ ಲಂಗರು ಮತ್ತೆ ತಳಕ್ಕೆ ಜಾರುವುದಿಲ್ಲ. ಸರಪಳಿಯಲ್ಲಿ ಉಳಿತಾಯ ಮಾಡಿದವರಿಗೆ ಈ ವಿಧಾನ ಕೈಕೊಡುವುದು ಇಲ್ಲೇ.

ಬೋಯಾ ಎಷ್ಟು ದೊಡ್ಡದಿರಬೇಕು?

ಇದನ್ನು ಅಂದಾಜಿಗೆ ಬಿಡದೆ ಲೆಕ್ಕ ಹಾಕುವುದು ಲೇಸು. ಲಂಗರು 10 ಕಿ.ಗ್ರಾಂ. ಇರಲಿ. 8 ಮಿ.ಮೀ. ದಪ್ಪದ ಸರಪಳಿ ಮೀಟರಿಗೆ ಸುಮಾರು 1.4 ಕಿ.ಗ್ರಾಂ. ತೂಗುವುದರಿಂದ 8 ಮೀಟರಿಗೆ ಸುಮಾರು 11 ಕಿ.ಗ್ರಾಂ. ಆಗುತ್ತದೆ. ಒಟ್ಟು 21 ಕಿ.ಗ್ರಾಂ. ಕಬ್ಬಿಣ ಸಮುದ್ರದ ನೀರಿನಲ್ಲಿ ತನ್ನ ತೂಕದ ಶೇಕಡಾ 13ರಷ್ಟನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಬೋಯಾ ಹೊರಬೇಕಾದ ಭಾರ ಸುಮಾರು 18 ಕಿ.ಗ್ರಾಂ. ಮುಚ್ಚಳ ಬಿಗಿದ 20 ಲೀಟರಿನ ಖಾಲಿ ಕ್ಯಾನು ತನ್ನ ತೂಕ ಕಳೆದು ಸುಮಾರು 19 ಕಿ.ಗ್ರಾಂ. ಹೊರಬಲ್ಲದು. ಕಾಗದದ ಮೇಲೆ ಇದು ಸಾಕೆನಿಸಿದರೂ ತೆರೆಯೇಳುವ ಸಮುದ್ರದಲ್ಲಿ ಸಾಲದು. ಭಾರದ ಎರಡು ಪಟ್ಟು ಹೊರಬಲ್ಲ, ಅಂದರೆ 40 ಲೀಟರಿನಷ್ಟು ಗಾತ್ರದ ಬೋಯಾ ಇರಬೇಕು.

ಕ್ಯಾನಿನ ವಿಷಯದಲ್ಲಿ ಇನ್ನೂ ಒಂದು ಮಾತು. ಲಂಗರು ಕಲ್ಲಿಗೆ ಸಿಕ್ಕಿಕೊಂಡಾಗ ಬೋಯಾ ನೀರಿನೊಳಕ್ಕೆ ಸೆಳೆಯಲ್ಪಡುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ. ತೆಳು ಕ್ಯಾನು ಅಲ್ಲಿ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಅರ್ಧಕ್ಕಿಳಿದರೆ, ತೇಲಿಸುವ ಶಕ್ತಿಯೂ ಅರ್ಧಕ್ಕಿಳಿಯುತ್ತದೆ. ಅದರ ಹಿಡಿಯೂ ಇಂಥ ಎಳೆತಕ್ಕೆಂದು ಮಾಡಿದ್ದಲ್ಲ, ಕಿತ್ತು ಬರಬಹುದು. ದಪ್ಪ ಪ್ಲಾಸ್ಟಿಕ್ಕಿನ ದುಂಡು ಬೋಯಾಕ್ಕೆ ಹಣ ಹಾಕುವುದೇ ಮೇಲು.

ಬಳೆ ತುಕ್ಕು ಹಿಡಿಯದ ಉಕ್ಕಿನದಾಗಿ, ಒಳಮೈ ನುಣುಪಾಗಿರಬೇಕು. ಸರಪಳಿಯೂ ಲಂಗರಿನ ದಂಡವೂ ಅದರೊಳಗೆ ನುಸುಳಬೇಕು, ಕೊಕ್ಕೆಗಳು ಮಾತ್ರ ನುಸುಳಬಾರದು. ಹಗ್ಗ ಮತ್ತು ಸರಪಳಿ ಕೂಡುವಲ್ಲಿ ದಪ್ಪ ಗಂಟು ಹಾಕಿದ್ದರೆ ಅದು ಬಳೆಯಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿ ಹಗ್ಗದ ಎಳೆಗಳನ್ನು ಹೆಣೆದು ಕೂಡಿಸಬೇಕು.

ಎತ್ತುವ ಕ್ರಮ

ಮೊದಲು ಎಲ್ಲ ಗಾಳಗಳನ್ನೂ ಮೇಲೆ ಎಳೆದುಕೊಳ್ಳಬೇಕು. ಲಂಗರಿನ ಹಗ್ಗ ದೋಣಿಯ ಮೂತಿಯ ಗೂಟಕ್ಕೆ ಕಟ್ಟಿದ್ದು ಕಟ್ಟಿದ ಹಾಗೆಯೇ ಇರಲಿ. ಬಳೆಯನ್ನು ಹಗ್ಗಕ್ಕೆ ಸಿಕ್ಕಿಸಿ ಬೋಯಾವನ್ನು ನೀರಿಗೆ ಬಿಡಬೇಕು. ಬಾಯಿ ತೆರೆದು ಮುಚ್ಚುವ ಬಳೆಯಾದರೆ ಹಗ್ಗ ಬಿಚ್ಚದೆ ಸಿಕ್ಕಿಸಲು ಅನುಕೂಲ.

ಅನಂತರ ತಾಂಡೇಲನು ನಿಧಾನವಾಗಿ ಸೆಳೆತಕ್ಕೆ ಎದುರಾಗಿ ದೋಣಿ ನಡೆಸಬೇಕು. ನೇರ ಹಗ್ಗದ ಮೇಲೆಯೇ ಹೋಗಬಾರದು, ತುಸು ಓರೆಯಾಗಿ, ಹಗ್ಗ ದೋಣಿಯ ಪಕ್ಕದಿಂದ ದೂರವಾಗಿ ಹಿಂದಕ್ಕೆ ಹೋಗುವಂತೆ ಸಾಗಬೇಕು. ಹಗ್ಗವೂ ಬೋಯಾವೂ ಸದಾ ಅವನ ಕಣ್ಣಿಗೆ ಬೀಳುವ ಪಕ್ಕದಲ್ಲೇ ಇರಲಿ. ಲಂಗರನ್ನು ದಾಟಿದ ಮೇಲೆ ಎಳೆತ ವಿರುದ್ಧ ದಿಕ್ಕಿನಿಂದ ಬೀಳುವುದರಿಂದ ಕೊಕ್ಕೆಗಳು ಸಾಮಾನ್ಯವಾಗಿ ತಾವೇ ಬಿಡಿಸಿಕೊಳ್ಳುತ್ತವೆ. ಬೋಯಾ ಒಮ್ಮೆ ಮುಳುಗಿದಂತಾಗಿ ಮೇಲೇಳುತ್ತದೆ. ಅಷ್ಟಕ್ಕೇ ಎಂಜಿನ್ ನಿಲ್ಲಿಸಬಾರದು. ಹಗ್ಗವೆಲ್ಲ ಬಳೆಯನ್ನು ದಾಟಿ ಬರಬೇಕಾದುದರಿಂದ, 75 ಮಾರು ಹಗ್ಗ ಬಿಟ್ಟಿದ್ದರೆ ಬೋಯಾ ದೋಣಿಯಿಂದ 75 ಮಾರು ಹಿಂದೆ ಬೀಳುವವರೆಗೂ ಒಂದೇ ವೇಗದಲ್ಲಿ ಸಾಗಬೇಕು. ಬೋಯಾ ಇನ್ನು ಹಿಂದೆ ಬೀಳದೆ, ನೊರೆಯೆಬ್ಬಿಸುತ್ತ ದೋಣಿಯ ಬೆನ್ನಿಗೇ ಬರತೊಡಗಿದರೆ ಲಂಗರು ಬಳೆ ಸೇರಿದೆ ಎಂದು ತಿಳಿಯಬೇಕು.

ಆಮೇಲೆ ವೇಗ ತಗ್ಗಿಸಿ, ದೋಣಿ ತಿರುಗಿಸಿ, ಮೂತಿಯ ಕಡೆಯಿಂದ ಹಗ್ಗ ಎಳೆದುಕೊಳ್ಳುತ್ತ ಬೋಯಾದ ಬಳಿ ಬರಬೇಕು. ಪಾಲಿಪ್ರೊಪಿಲೀನ್ ಹಗ್ಗ ನೀರಿನ ಮೇಲೆ ತೇಲುವುದರಿಂದ ಸಡಿಲಬಿಟ್ಟರೆ ಎಂಜಿನ್ನಿನ ಪಂಖಕ್ಕೆ ಸುತ್ತಿಕೊಳ್ಳುತ್ತದೆ. ನೈಲಾನ್ ಹಗ್ಗ ಮುಳುಗುತ್ತದೆ, ಆದರೆ ಎಳೆದಾಗ ಬಹಳ ಹಿಗ್ಗುವ ಕಾರಣ ತುಂಡಾದರೆ ಚಾಟಿಯಂತೆ ಬಂದು ಬಡಿಯುತ್ತದೆ. ಬಿಗಿಯಾದ ಹಗ್ಗದ ನೇರಕ್ಕೆ ಯಾರೂ ನಿಲ್ಲಕೂಡದು.

ಪ್ರಾಣಕ್ಕೆ ಎರವಾಗುವ ತಪ್ಪು

ಎಂಜಿನ್ ಇರುವುದು ಹಿಂಬದಿಯಲ್ಲಿ, ಎಳೆಯುವುದಕ್ಕೆ ಅನುಕೂಲವೂ ಅಲ್ಲೇ ಎಂದು ಹಗ್ಗವನ್ನು ಹಿಂಬದಿಗೆ ಕಟ್ಟುವ ಆಸೆ ಸಹಜ. ಎಂದಿಗೂ ಹಾಗೆ ಮಾಡಬಾರದು. ಲಂಗರು ಬಂಡೆಯ ಸಂದಿಗೆ ಕಚ್ಚಿಕೊಂಡಿದ್ದರೆ ಹಗ್ಗ ದೋಣಿಯ ಹಿಂಬದಿಯನ್ನು ಕೆಳಕ್ಕೆ ಜಗ್ಗುತ್ತದೆ. ಅಲ್ಲಿ ಎಂಜಿನ್ನಿನ ಭಾರ ಮೊದಲೇ ಇದೆ, ಅಂಚೂ ತಗ್ಗು. ಒಂದು ತೆರೆ ಒಳನುಗ್ಗಿದರೆ ಮುಂದಿನ ತೆರೆಗೆ ದೋಣಿ ಮುಳುಗುತ್ತದೆ. ಎಚ್ಚೆತ್ತುಕೊಳ್ಳಲು ಸಮಯವೇ ಸಿಗುವುದಿಲ್ಲ. ಹಗ್ಗ ಮೂತಿಗೆ ಕಟ್ಟಿದ್ದರೆ ಅದೇ ಎಳೆತ ದೋಣಿಯನ್ನು ಲಂಗರಿನ ಕಡೆಗೆ ಮುಖ ಮಾಡಿ ತಿರುಗಿಸುತ್ತದೆ. ತೆರೆಯನ್ನು ಸೀಳಲೆಂದೇ ಮಾಡಿದ ಭಾಗ ತೆರೆಗೆ ಎದುರಾಗುತ್ತದೆ.

ಬೋಯಾ ಮುಳುಗಿ ಮೇಲೇಳದೇ ಇದ್ದರೆ ಲಂಗರು ಸಿಕ್ಕಿಕೊಂಡಿದೆ ಎಂದರ್ಥ. ಆಗ ವೇಗ ಹೆಚ್ಚಿಸುವುದು ಮೂರ್ಖತನ. ಎಂಜಿನ್ ಸಾವಕಾಶಕ್ಕೆ ತಂದು, ಹಗ್ಗ ಸಡಿಲಿಸಿ, ಬೇರೊಂದು ದಿಕ್ಕಿನಿಂದ ಪ್ರಯತ್ನಿಸಬೇಕು. ಹರಿತವಾದ ಕತ್ತಿ ಮೂತಿಯ ಬಳಿ ಕೈಗೆಟಕುವಂತಿರಬೇಕು. ತೆರೆ ಜೋರಾಗಿರುವಾಗ ಈ ವಿಧಾನವನ್ನೇ ಕೈಬಿಡುವುದು ಉತ್ತಮ.

ಕಲ್ಲುತಳದಲ್ಲಿ ಸಿಕ್ಕಿಬೀಳುವುದನ್ನು ಮೊದಲೇ ತಪ್ಪಿಸುವ ಉಪಾಯವೂ ಇದೆ. ಸರಪಳಿಯನ್ನು ಲಂಗರಿನ ತಲೆಗೆ ಕಟ್ಟುವುದು ವಾಡಿಕೆ. ಬದಲಾಗಿ ಕೊಕ್ಕೆಗಳು ಕೂಡುವ ಬುಡಕ್ಕೆ ಭದ್ರವಾಗಿ ಕಟ್ಟಿ, ದಂಡದ ಉದ್ದಕ್ಕೂ ತಂದು, ತಲೆಯ ಬಳಿ ತೆಳು ದಾರದಿಂದ ಎರಡು ಮೂರು ಸುತ್ತು ಬಿಗಿಯಬೇಕು. ಮಾಮೂಲು ಎಳೆತಕ್ಕೆ ದಾರ ತಡೆಯುತ್ತದೆ. ಲಂಗರು ಕಚ್ಚಿಕೊಂಡು ದೋಣಿ ಜಗ್ಗಿದಾಗ ದಾರ ಹರಿದು, ಎಳೆತ ಬುಡದಿಂದ ಬಿದ್ದು, ಲಂಗರು ಹಿಂದುಮುಂದಾಗಿ ಕಳಚಿ ಬರುತ್ತದೆ. ದಾರ ಎಷ್ಟು ದಪ್ಪವಿರಬೇಕೆಂಬುದನ್ನು ಅವರವರ ದೋಣಿಗೆ ತಕ್ಕಂತೆ ನೋಡಿಕೊಳ್ಳಬೇಕು. ರಾತ್ರಿ ದೋಣಿ ನಿಲ್ಲಿಸಿ ಮಲಗುವುದಿದ್ದರೆ ಮಾತ್ರ ದಾರವನ್ನು ನಂಬಬಾರದು.

ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಇರುವಂಥ ಹವಳದ ತಳದಲ್ಲಿ ಲಂಗರನ್ನೇ ಹಾಕಬಾರದು. ಹವಳದ ದಿಬ್ಬ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿದೆ. ಅದು ಮುರಿದರೆ ಮೀನಿನ ಮನೆಯೂ ಮುರಿಯುತ್ತದೆ.

ಇದೇ ಬೋಯಾಕ್ಕೆ ಇನ್ನೊಂದು ಉಪಯೋಗವುಂಟು. ಹಡಗೊಂದು ಎದುರಾಗಿ ಬಂದರೆ ಅಥವಾ ಹಠಾತ್ತನೆ ಬಿರುಗಾಳಿ ಎದ್ದರೆ ಲಂಗರು ಎತ್ತಲು ಪುರುಸೊತ್ತಿರುವುದಿಲ್ಲ. ಹಗ್ಗದ ತುದಿಗೆ ಬೋಯಾ ಕಟ್ಟಿ ನೀರಿಗೆ ಬಿಟ್ಟು ದೋಣಿ ಕೂಡಲೇ ಸರಿಯಬಹುದು. ಸಮುದ್ರ ತಣಿದ ಮೇಲೆ ಬಂದು ಹುಡುಕಿ ಎತ್ತಿಕೊಳ್ಳಬಹುದು. ಬೋಯಾಕ್ಕೆ ಕಡು ಕಿತ್ತಳೆ ಬಣ್ಣವಿದ್ದು, ಮೇಲೆ ದೋಣಿಯ ನೋಂದಣಿ ಸಂಖ್ಯೆ ಬರೆದಿದ್ದರೆ ಅನುಕೂಲ.

ಹೊಸದಾಗಿ ಕಲಿಯುವವರು ತೆರೆಯಿಲ್ಲದ ಬೆಳಗಿನ ಹೊತ್ತಿನಲ್ಲಿ, ಐದಾರು ಮಾರು ಆಳದ ಮರಳುತಳದ ಮೇಲೆ ನಾಲ್ಕಾರು ಬಾರಿ ಅಭ್ಯಾಸ ಮಾಡಬೇಕು. ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆ ಏರ್ಪಡಿಸುವುದಾದರೆ ಎರಡು ದೋಣಿಗಳನ್ನು ಒಯ್ಯುವುದು ಒಳಿತು. ಒಂದು ಲಂಗರು ಎತ್ತುತ್ತಿರುವಾಗ ಇನ್ನೊಂದರಲ್ಲಿದ್ದವರಿಗೆ ಹಗ್ಗ ಮತ್ತು ಬೋಯಾದ ಚಲನೆ ಪಕ್ಕದಿಂದ ಸ್ಪಷ್ಟವಾಗಿ ಕಾಣುತ್ತದೆ.