ರಜೆಯ ದಿನದ ಹಾಜರಿ ಮತ್ತು ಇಎಸ್‌ಐ ನಿರುದ್ಯೋಗ ಭತ್ಯೆ

ಇಎಸ್‌ಐ ಎಂದರೆ ಸನತ್‌ನಗರದ ಆಸ್ಪತ್ರೆ ಎಂದಷ್ಟೇ ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಆದರೆ ಕೆಲಸ ಕಳೆದುಕೊಂಡ ಕಾರ್ಮಿಕನಿಗೂ ಅದರಿಂದ ನೆರವುಂಟು. 2018ರ ಜುಲೈ 1ರಿಂದ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿ, ಜೀವಮಾನದಲ್ಲಿ ಹೆಚ್ಚೆಂದರೆ 90 ದಿನಗಳ ಭತ್ಯೆ ಸಿಗುತ್ತದೆ. ಮೊದಲು ಸರಾಸರಿ ದಿನಗಳಿಕೆಯ ಶೇಕಡಾ 25 ಇದ್ದ ಮೊತ್ತವನ್ನು ಕೊರೊನಾ ಕಾಲದಲ್ಲಿ, 2020ರಲ್ಲಿ, ಶೇಕಡಾ 50ಕ್ಕೆ ಏರಿಸಲಾಯಿತು.

ವಾರಕ್ಕೆ ಮೂರೇ ದಿನ ಬರುವ ಸಪ್ಲೈಯರ್, ಕ್ಲೀನರ್‌ಗಳಿಗೂ ಇದು ಅನ್ವಯಿಸುತ್ತದೆ. ಅರೆಕಾಲಿಕ ಎಂಬ ಕಾರಣಕ್ಕೆ ಯಾರೂ ಇಎಸ್‌ಐನಿಂದ ಹೊರಗುಳಿಯುವುದಿಲ್ಲ. ತೊಡಕಿರುವುದು ದಿನಗಳ ಲೆಕ್ಕದಲ್ಲಿ. ಇಎಸ್‌ಐ ವಂತಿಗೆಯ ಅವಧಿಗಳು ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. 2020ರಲ್ಲಿ ಸಡಿಲಿಸಿದ ನಿಯಮದಂತೆ ಕಾರ್ಮಿಕ ಎರಡು ವರ್ಷ ವಿಮೆಯಲ್ಲಿದ್ದು, ಕೆಲಸ ಹೋಗುವುದಕ್ಕೆ ಹಿಂದಿನ ಅವಧಿಯಲ್ಲಿ ಕನಿಷ್ಠ 78 ದಿನ, ಅದಕ್ಕೂ ಮುಂಚಿನ ಮೂರು ಅವಧಿಗಳ ಪೈಕಿ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು.

2026ರ ಕ್ಯಾಲೆಂಡರ್ ತೆಗೆದು ನೋಡಿ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಶುಕ್ರವಾರ, ಶನಿವಾರ, ಭಾನುವಾರಗಳು ತಲಾ 26, ಒಟ್ಟು ಸರಿಯಾಗಿ 78. ಮೇ 1 ಬರುವುದು ಶುಕ್ರವಾರ, ಆಗಸ್ಟ್ 15 ಶನಿವಾರ. ಆ ಎರಡು ದಿನ ಹೋಟೆಲ್ ಮುಚ್ಚಿ, ಸಂಬಳ ಕೊಡದೆ, ಹಾಜರಿ ಪುಸ್ತಕದಲ್ಲಿ ಅಡ್ಡಗೆರೆ ಎಳೆದರೆ ಉಳಿಯುವುದು 76. ಮುಂದೆ ಅಕ್ಟೋಬರ್‌ನಲ್ಲಿ ನಾವು ಆ ಹುಡುಗನನ್ನು ತೆಗೆದರೆ ಅವನಿಗೆ ಭತ್ಯೆಯೇ ಇಲ್ಲ!

ಇಲ್ಲಿ ಎಣಿಕೆಗೆ ಬರುವುದು ದುಡಿದ ದಿನವಷ್ಟೇ ಅಲ್ಲ, ಸಂಬಳ ಕೊಟ್ಟ ದಿನ. ಸಂಬಳಸಹಿತ ರಜೆಯನ್ನೂ ವಂತಿಗೆಯ ದಿನವೆಂದೇ ಹಿಡಿಯಬೇಕು. ನಮ್ಮ ರಾಜ್ಯದಲ್ಲಿ 1974ರ ರಜಾ ಕಾಯ್ದೆಯ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಸಂಬಳಸಹಿತ ರಜೆಗಳು. ಹಬ್ಬದ ರಜೆಗಳು ಬೇರೆ. ನಮ್ಮ ಉದ್ಯಮದಲ್ಲಿ ರಜೆಯ ದಿನವೇ ಗಿರಾಕಿ ಹೆಚ್ಚು, ಅಂದು ಕರೆಸಿ ದುಪ್ಪಟ್ಟು ಕೂಲಿ ಕೊಡುವುದೂ ಉಂಟು. ಆಗಲೂ ದಿನ ಒಂದೇ, ಎರಡಾಗುವುದಿಲ್ಲ. ಗಳಿಕೆ ಮಾತ್ರ ಏರುತ್ತದೆ. ಆ ಹೆಚ್ಚಿನ ಹಣವನ್ನು ಗಲ್ಲಾದಿಂದ ಕೈಗೆ ಕೊಟ್ಟು ಮುಗಿಸದೆ ಲೆಕ್ಕಕ್ಕೆ ಬರೆಯಿರಿ.

ಮೊತ್ತದ ಲೆಕ್ಕ ಹೀಗೆ: ಹಿಂದಿನ ನಾಲ್ಕು ಅವಧಿಗಳ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸುತ್ತಾರೆ, ಅಂದರೆ ರಜೆಯೂ ಸೇರಿ ಎರಡು ವರ್ಷದ ಎಲ್ಲ ದಿನಗಳಿಂದ. ದಿನಕ್ಕೆ 600 ರೂ.ನಂತೆ ಅವಧಿಗೆ 78 ದಿನ ದುಡಿದವನ ಒಟ್ಟು ಗಳಿಕೆ 1,87,200 ರೂ., ಸರಾಸರಿ ಸುಮಾರು 256 ರೂ. ಅದರ ಅರ್ಧ 128 ರೂ. ಲೆಕ್ಕದಲ್ಲಿ 90 ದಿನಕ್ಕೆ ಹನ್ನೊಂದೂವರೆ ಸಾವಿರ. ಸಣ್ಣ ಮೊತ್ತವೇ, ಆದರೆ ಎರಡು ರಜೆಯ ಕೂಲಿ 1,200 ರೂ. ಉಳಿಸಲು ಹೋಗಿ ಅವನಿಗೆ ಅದನ್ನು ತಪ್ಪಿಸುವುದು ನಮಗೆ ಸರಿಕಾಣದು.

ಕೆಲಸದಿಂದ ತೆಗೆದಾಗ ತಿಂಗಳ ವಂತಿಗೆ ವಿವರದಲ್ಲಿ ಕಾರಣವನ್ನೂ ಸರಿಯಾಗಿ ತುಂಬಿ. ದುರ್ನಡತೆಗಾಗಿ ವಜಾ ಆದವರಿಗೆ ಭತ್ಯೆ ಇಲ್ಲ. 2020ರ ಬದಲಾವಣೆಯ ನಂತರ ಕೆಲಸ ಹೋಗಿ 30 ದಿನವಾದ ಮೇಲೆ ಕಾರ್ಮಿಕನೇ ನೇರವಾಗಿ ಶಾಖಾ ಕಚೇರಿಗೆ ಅರ್ಜಿ ಹಾಕಬಹುದು, ಮಾಲೀಕರ ಮೂಲಕ ಹೋಗಬೇಕಿಲ್ಲ. ಆಧಾರ್ ಮತ್ತು ಬ್ಯಾಂಕ್ ಖಾತೆ ಅವನ ವಿಮಾ ಸಂಖ್ಯೆಗೆ ಜೋಡಣೆಯಾಗಿರಬೇಕು. ಯೋಜನೆಯನ್ನು ಅವಧಿ ನಿಗದಿಪಡಿಸಿ ವಿಸ್ತರಿಸುತ್ತಾ ಬಂದಿರುವುದರಿಂದ, ಅರ್ಜಿಗೆ ಮುನ್ನ ಶಾಖಾ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಲು ಹೇಳಿ.